ಹ್ಯಾಲೋವೀನ್‌ಗೆ ಏನು ವೇಷ ಹಾಕ್ತಿದ್ರಿ ಅಂತ ಕೇಳುವವರಿಗೆ

ಅಪ್ಪ ಮಂಡ್ಯದವರು, ಅಮ್ಮ ಫಿಲಿಪೀನ್ಸಿನವರು. 14 ವರ್ಷದವರೆಗೆ ನಾನು ಬೆಳೆದದ್ದು ಕೆಸೋನ್ ಪ್ರಾಂತ್ಯದ ಅಜ್ಜಿ ಮನೆಯಲ್ಲಿ. ಇಷ್ಟು ಗೊತ್ತಾದರೆ ಸಾಕು, ಅಕ್ಟೋಬರ್ ಬಂದ ಕೂಡಲೇ ಬೆಂಗಳೂರಿನಲ್ಲಿ ಎಲ್ಲರೂ ಇದೇ ಪ್ರಶ್ನೆ ಕೇಳುತ್ತಾರೆ. ಯಾವ ವೇಷವನ್ನೂ ಹಾಕುತ್ತಿರಲಿಲ್ಲ. ನಮ್ಮೂರಲ್ಲಿ ಹ್ಯಾಲೋವೀನ್ ಇರಲಿಲ್ಲ.

"ಅಮೆರಿಕದವರು ಆಳಿದ ದೇಶ ಅಲ್ವಾ, ಅದ್ಹೇಗೆ ಇರಲ್ಲ?" ಅಂತಾರೆ. ಅಮೆರಿಕದವರು ಬಂದದ್ದು 1898ರಲ್ಲಿ. ಅದಕ್ಕೂ ಮೊದಲು ಸ್ಪೇನಿನವರು 300 ವರ್ಷಕ್ಕಿಂತ ಜಾಸ್ತಿ ಇದ್ದರು. ಸತ್ತವರನ್ನು ನೆನೆಯುವ ನಮ್ಮ ಹಬ್ಬ ಆ ಕಡೆಯಿಂದ ಬಂದದ್ದು. ಮನಿಲಾದ ಮಾಲ್‌ಗಳಲ್ಲಿ ಈಗ ಮಾಟಗಾತಿ ಟೋಪಿ, ಪ್ಲಾಸ್ಟಿಕ್ ಕುಂಬಳಕಾಯಿ ಎಲ್ಲ ಸಿಗುತ್ತೆ. ನಮ್ಮೂರಿಗೆ ಆಗಿನ್ನೂ ಅವು ಬಂದಿರಲಿಲ್ಲ.

ಹೋದ ವರ್ಷ ಅಪಾರ್ಟ್‌ಮೆಂಟಿನ ಪಾರ್ಟಿಯಲ್ಲಿ ಒಬ್ಬರು ಇದನ್ನೆಲ್ಲ ಕೇಳಿ, "ಅಯ್ಯೋ ಪಾಪ, ಎಂಥಾ ಮಜಾ ತಪ್ಪಿಹೋಯ್ತು ನಿಮಗೆ" ಅಂದರು. ಆ 'ಪಾಪ' ನನ್ನನ್ನು ಚುಚ್ಚಿತು. ಜ್ಯೂಸ್ ಲೋಟ ಅಲ್ಲೇ ಇಟ್ಟು ಮನೆಗೆ ಬಂದೆ.

ನಮಗೆ ಉಂದಾಸ್ ಇತ್ತು ಕಣ್ರೀ. ನವೆಂಬರ್ 1 ಸಕಲ ಸಂತರ ದಿನ, ಮರುದಿನ ಸತ್ತವರೆಲ್ಲರ ದಿನ. ಮಾವಂದಿರು ವಾರ ಮೊದಲೇ ಹೋಗಿ ಸಮಾಧಿ ಸುತ್ತಲಿನ ಕಳೆ ಕಿತ್ತು ಬಿಳಿ ಬಣ್ಣ ಬಳಿಯುತ್ತಿದ್ದರು. ಮನೆಯಲ್ಲಿ ಸುಮಾನ್ ಆಗುತ್ತಿತ್ತು. ಅಂಟು ಅಕ್ಕಿಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ, ಬಾಳೆಲೆಯಲ್ಲಿ ಸುತ್ತಿ ಹಬೆಗಿಡುವ ತಿಂಡಿ ಅದು. ಸಂಜೆಗೆ ಊರಿಗೆ ಊರೇ ಸ್ಮಶಾನದಲ್ಲಿ. ಚಾಪೆ, ಊಟದ ಡಬ್ಬಿ, ಫ್ಲಾಸ್ಕಿನಲ್ಲಿ ಕಾಫಿ. ರಾತ್ರಿ ಅಲ್ಲೇ ಮಲಗುತ್ತಿದ್ದೆವು.

ಮಕ್ಕಳಿಗೆ ಮೇಣದ್ದೇ ಧ್ಯಾನ. ಸಮಾಧಿ ಮೇಲೆ ಕರಗಿ ಹರಿದ ಮೇಣವನ್ನು ಬಿಸಿ ಇರುವಾಗಲೇ ಕೆರೆದು ಉಂಡೆ ಕಟ್ಟಬೇಕು. ಬೆರಳು ಚುರ್ ಅನ್ನುತ್ತಿತ್ತು. ಹುಲ್ಲುಕಡ್ಡಿ, ಮರಳು, ಇರುವೆ ಎಲ್ಲ ಸೇರಿ ಉಂಡೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಯಾರದ್ದು ದೊಡ್ಡದು ಅಂತ ಪಂದ್ಯ. ಒಂದು ವರ್ಷ ನನ್ನದು ತೆಂಗಿನಕಾಯಿಯಷ್ಟಾಗಿತ್ತು. ಇವತ್ತಿಗೂ ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಮನೆಮನೆಗೆ ಹೋಗಿ ಕೇಳುವ ಪದ್ಧತಿಯೂ ನಮ್ಮದರಲ್ಲಿದೆ. ಹೆಸರು ಪಂಗಂಗಲುಲುವಾ. ಸತ್ತವರ ಆತ್ಮಗಳೇ ಬಂದಿವೆ ಅನ್ನುವ ಹಾಗೆ ರಾತ್ರಿ ಬಾಗಿಲಲ್ಲಿ ನಿಂತು ಹಾಡಿ, ಕಾಸೋ ತಿಂಡಿಯೋ ಕೇಳುವುದು. ಕೊಡದ ಮನೆಯ ಕೋಳಿ ಬೆಳಗಾಗುವಷ್ಟರಲ್ಲಿ ಕಾಣೆ ಆಗುತ್ತಿತ್ತಂತೆ. ಅಜ್ಜಿ ಇದನ್ನು ಹೇಳುವಾಗ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

"ಸ್ಮಶಾನದಲ್ಲಿ ಹೆದರಿಕೆ ಆಗ್ತಿರಲಿಲ್ವಾ?" ಅಂತಲೂ ಕೇಳುತ್ತಾರೆ. ಅಲ್ಲಿ ಯಾರಿದ್ದರು ಅಂತ ಒಬ್ಬರೂ ಕೇಳುವುದಿಲ್ಲ. ಅದನ್ನು ಕೇಳಿ, ಕೂತು ಹೇಳ್ತೀನಿ. ಅಲ್ಲಿ ನನ್ನ ಲೋಲೊ ಇದ್ದರು, ಅಮ್ಮನ ಅಪ್ಪ. ನಾನು ಹುಟ್ಟುವ ಮೊದಲೇ ಹೋದವರು. ನನಗೆ ಅವರ ಪರಿಚಯ ಆದದ್ದು ಆ ರಾತ್ರಿಗಳಲ್ಲೇ. ಅಜ್ಜಿ ಎರಡು ಲೋಟಕ್ಕೆ ಬಾರಾಕೊ ಅನ್ನುವ ಅಲ್ಲಿನ ಕಡು ಕಾಫಿ ಬಗ್ಗಿಸಿ, ಸಕ್ಕರೆ ಇಲ್ಲದ್ದನ್ನು ಸಮಾಧಿ ಮೇಲಿಟ್ಟು, ಮೂರು ಚಮಚ ಹಾಕಿದ್ದನ್ನು ತಾನು ಕುಡಿಯುತ್ತಿದ್ದಳು. ಮೊದಲ ಸಲ ಇದನ್ನು ನೋಡಿದಾಗ ಅಪ್ಪ, "ನಮ್ಮೂರಲ್ಲಿ ಪಿತೃಪಕ್ಷದ ಎಡೆಗೆ ತಾತನಿಗೆ ಬೀಡಿ ಕಟ್ಟೂ ಇಡ್ತೀವಿ" ಅಂದರಂತೆ. ಆಮೇಲೆ ಅವರಿಗೆ ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ.

ಅಜ್ಜಿಯೂ ಈಗ ಅಲ್ಲೇ, ಲೋಲೊ ಪಕ್ಕದಲ್ಲಿ. ಪಾರ್ಟಿಯ ಮರುದಿನ ಮಾವ ವಿಡಿಯೋ ಕಾಲ್ ಮಾಡಿ ಸಮಾಧಿ ತೋರಿಸಿದರು. ಮೇಣದಬತ್ತಿಗಳ ನಡುವೆ ಎರಡು ಲೋಟ ಇತ್ತು. ಅಜ್ಜಿಯದಕ್ಕೆ ಮೂರು ಚಮಚ ಹಾಕಿದ್ರಾ ಅಂತ ಕೇಳಿದೆ. ಮಾವ ಫೋನನ್ನು ಲೋಟದ ಹತ್ತಿರ ಹಿಡಿದರು. ಅಂಚಿಗೆ ಆಗಲೇ ಇರುವೆ ಹತ್ತಿತ್ತು.