ಮೂರನೇ ಕಪ್ಪಿನವರೆಗೆ

"ಅಜ್ಜಿ ಒಂಬತ್ತಕ್ಕೆ ಬರಬೇಕಂದ್ರು ಆಂಟಿ" ಎಂದು ಪಕ್ಕದ ಮನೆಯ ಹುಡುಗಿ ಹೇಳಿ ಹೋಗಿದ್ದಳು. ಬೆಳಗ್ಗೆ ಸರಿಯಾಗಿ ಒಂಬತ್ತಕ್ಕೆ ಹೋಗಿ ಬೆಲ್ ಒತ್ತಿದೆ. ಬಾಗಿಲು ತೆಗೆದ ಅವಳ ಅಮ್ಮನಿಗೆ ಗಾಬರಿ. ಒಳಗಿಂದ ಅಜ್ಜಿ ಏನೋ ಕೇಳಿದರು, ಇವರು ಏನೋ ಹೇಳಿದರು, ಆಮೇಲೆ ಇಬ್ಬರೂ ಜೋರಾಗಿ ನಕ್ಕುಬಿಟ್ಟರು.

ಅವರು ಇಥಿಯೋಪಿಯಾದವರು. ಎರಡು ವರ್ಷದಿಂದ ಒಂದೇ ಗೋಡೆಯ ಆಚೆ ಈಚೆ ಇದ್ದೇವೆ, ಮೆಟ್ಟಿಲಲ್ಲಿ ಸಿಕ್ಕರೆ ಒಂದು ನಗು, ಅಷ್ಟೇ. ಅವರ ದೇಶದಲ್ಲಿ ಗಂಟೆ ಎಣಿಸುವುದು ನಡುರಾತ್ರಿಯಿಂದ ಅಲ್ಲ, ಬೆಳಗಾದ ಮೇಲೆ. ನಮ್ಮ ಬೆಳಗಿನ ಏಳು ಅಂದರೆ ಅವರಿಗೆ ಒಂದು ಗಂಟೆ. ಈಚೆಗೆ ಬಂದ ಅಜ್ಜಿಗೆ ಆ ಲೆಕ್ಕವೇ ರೂಢಿ. ಅವರ ಒಂಬತ್ತು ನಮ್ಮ ಮಧ್ಯಾಹ್ನದ ಮೂರು!

ಅದು 2024ರ ಮಾರ್ಚ್ ಕೊನೆಯ ವಾರ. ಮೂರಕ್ಕೆ ಮತ್ತೆ ಹೋದಾಗ ನೋಡಿದರೆ ಗೋಡೆಯ ಕ್ಯಾಲೆಂಡರಿನಲ್ಲಿ ಇನ್ನೂ 2016. ಅವರ ವರ್ಷಕ್ಕೆ ಹದಿಮೂರು ತಿಂಗಳು, ಕೊನೆಯದಕ್ಕೆ ಐದೋ ಆರೋ ದಿನ ಮಾತ್ರ. ಈಸ್ಟರ್‌ಗೆ ಮುಂಚಿನ 55 ದಿನ ಮಾಂಸ, ಹಾಲು, ಮೊಟ್ಟೆ ಏನೂ ಇಲ್ಲ. ಅಜ್ಜಿ ಮಧ್ಯಾಹ್ನ ಮೂರರವರೆಗೆ ನೀರೂ ಮುಟ್ಟುತ್ತಿರಲಿಲ್ಲ. ದಿನದ ಮೊದಲ ತುತ್ತಿಗೆ ನನ್ನನ್ನು ಕರೆದಿದ್ದರು ಅಂತ ಆಗ ಗೊತ್ತಾಯಿತು.

ದೊಡ್ಡ ತಟ್ಟೆ ಒಂದೇ. ಅದರ ತುಂಬ ಇಂಜೆರಾ. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹುಯ್ದದ್ದು, ಮೈತುಂಬ ಸಣ್ಣ ಕಣ್ಣು. ಮೇಲೆ ಕಡಲೆಹಿಟ್ಟಿನ ಖಾರದ ಶಿರೋ. ಎಲ್ಲರೂ ಅದೇ ತಟ್ಟೆಗೆ ಕೈ ಹಾಕಿದೆವು. ಅಜ್ಜಿ ಒಂದು ತುತ್ತು ಸುತ್ತಿ ನನ್ನ ಬಾಯಿಗೇ ಇಟ್ಟರು. ಅದಕ್ಕೆ ಗುರ್ಶಾ ಅಂತಾರೆ. ದೊಡ್ಡವಳಾದ ಮೇಲೆ ಯಾರೂ ನನಗೆ ಹಾಗೆ ತಿನ್ನಿಸಿರಲಿಲ್ಲ. ಕಣ್ಣು ತುಂಬಿ ಬಂತು. ಖಾರಕ್ಕೆ ಅಂದುಕೊಂಡು ಅವರು ನೀರು ಕೊಟ್ಟರು.

ಆಮೇಲೆ ಕಾಫಿ. ಅವರು ಬುನ್ನಾ ಅಂತಾರೆ. ನೆಲಕ್ಕೆ ಹಸಿ ಹುಲ್ಲು ಹಾಸಿ, ಧೂಪ ಹಾಕಿ, ಅಜ್ಜಿ ಗಿಡ್ಡ ಸ್ಟೂಲಿನ ಮೇಲೆ ಕೂತರು. ಹಸಿ ಬೀಜ ತೊಳೆದು ಬಾಣಲೆಯಲ್ಲಿ ಹುರಿದರು. ಬೀಜ ಚಟಪಟ ಅಂದು ಕಪ್ಪಾದಾಗ ಬಾಣಲೆಯನ್ನು ಒಬ್ಬೊಬ್ಬರ ಮುಂದೆಯೂ ತಂದು ಹಿಡಿದರು. ಹೊಗೆಯನ್ನು ಕೈಯಿಂದ ಮುಖದ ಕಡೆ ಎಳೆದುಕೊಳ್ಳಬೇಕು. ಆಮೇಲೆ ಕುಟ್ಟಿ, ಜೆಬೆನಾ ಎಂಬ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಕಪ್ಪುಗಳಿಗೆ ಮೇಲಿಂದ ಬಗ್ಗಿಸಿದರು. ಒಂದು ಕಪ್ಪಿನಿಂದ ಇನ್ನೊಂದಕ್ಕೆ ಧಾರೆ ಕಡಿಯಲೇ ಇಲ್ಲ.

ಮೊದಲ ಸುತ್ತು ಅಬೊಲ್. ಕುಡಿದು ಏಳಹೋದೆ, ಹುಡುಗಿ ಕೈ ಹಿಡಿದು ಕೂರಿಸಿದಳು. ಅದೇ ಪುಡಿಗೆ ನೀರು ಹಾಕಿ ಕುದಿಸಿದ್ದು ತೋನಾ, ಮತ್ತೆ ಕುದಿಸಿದ್ದು ಬರಕಾ. ಬರಕಾ ಅಂದರೆ ಆಶೀರ್ವಾದ. ಮೂರೂ ಆಗದೆ ಏಳಬಾರದು. ಎಷ್ಟು ಒಳ್ಳೆಯ ಪದ್ಧತಿ, ಅಲ್ವಾ? ಮೊದಲ ಕಪ್ಪಿಗೆ ಹವಾಮಾನ, ಬಾಡಿಗೆ ಅಂತ ಸುಮ್ನೆ ಏನೇನೋ ಮಾತಾಡಿದ್ದೆವು. ಮೂರನೆಯದರ ಹೊತ್ತಿಗೆ ಅಜ್ಜಿ 1974ಕ್ಕೆ ಹೋಗಿದ್ದರು. ರಾಜನನ್ನು ಇಳಿಸಿ ಸೈನಿಕರು ಅಧಿಕಾರ ಹಿಡಿದ ವರ್ಷ ಅದು. ಅವರ ಅಣ್ಣ ಮನೆ ಬಿಟ್ಟದ್ದು ಅದರ ಮರುವರ್ಷ.

ಹುಡುಗಿ ಒಂದೊಂದೇ ಮಾತನ್ನು ನನಗೆ ಹೇಳುತ್ತಿದ್ದಳು. ಒಂದು ಕಡೆ ನಿಂತುಬಿಟ್ಟಳು. ಅಜ್ಜಿ ಮಾತ್ರ ನನ್ನ ಮುಖ ನೋಡುತ್ತಾ ಮೆಲ್ಲಗೆ ಮಾತಾಡುತ್ತಲೇ ಇದ್ದರು.

"ಏನಂತೆ?" ಅಂದೆ.

"ಅದನ್ನ ಹೇಳೋಕೆ ನಂಗೆ ಬರಲ್ಲ ಆಂಟಿ."

ನಾನು ಖಾಲಿ ಕಪ್ಪು ಕೆಳಗಿಟ್ಟು ಅಜ್ಜಿಯ ಹತ್ತಿರ ಸರಿದು ಕೂತೆ.