ಬ್ಯಾಟರಿ ಜೊತೆ ಚಾರ್ಜರೂ ತನ್ನಿ

ಚಿಕ್ಕಬಳ್ಳಾಪುರದಲ್ಲಿ ನನ್ನದು ಸ್ಪ್ರೇಯರ್, ಯುಪಿಎಸ್ ರಿಪೇರಿ ಅಂಗಡಿ. ಸೇವಂತಿಗೆ, ಗುಲಾಬಿ, ಟೊಮೆಟೊ ಬೆಳೆಯುವವರು ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಸ್ಪ್ರೇಯರ್ ತರುತ್ತಾರೆ. ಈಗೀಗ ನನ್ನ ಹತ್ತಿರ ಬರುವುದರಲ್ಲಿ ಲಿಥಿಯಂ ಬ್ಯಾಟರಿಯೇ ಜಾಸ್ತಿ. ಯಾರೇ ಬಂದರೂ ನಾನು ಮೊದಲು ಕೇಳುವುದು, ಚಾರ್ಜರ್ ಎಲ್ಲಿ ಅಂತ.

ಜನ ಲಿಥಿಯಂ ಇಷ್ಟಪಡುವುದು ಬೆನ್ನುನೋವಿಗೆ ಹೆದರಿ. 16 ಲೀಟರ್ ಟ್ಯಾಂಕ್ ತುಂಬಿದರೆ ನೀರೇ 16 ಕೆಜಿ. ಅದರ ಮೇಲೆ 12 ವೋಲ್ಟಿನ ಹಳೇ ಲೆಡ್ ಆಸಿಡ್ ಬ್ಯಾಟರಿ ಸುಮಾರು ಎರಡೂವರೆ ಕೆಜಿ. ಅದರ ಜಾಗಕ್ಕೆ ಬರುವ ಲಿಥಿಯಂ ಪ್ಯಾಕಿನಲ್ಲಿ ಒಂಬತ್ತು ಸೆಲ್, ಒಂದೊಂದು ಸುಮಾರು 45 ಗ್ರಾಂ. ಕವರ್, ವೈರ್ ಎಲ್ಲಾ ಸೇರಿ ಅರ್ಧ ಕೆಜಿ ಆಸುಪಾಸು. ತಿಂಗಳುಗಟ್ಟಲೆ ಸುಮ್ನೆ ಇಟ್ಟರೂ ಚಾರ್ಜ್ ಅಷ್ಟಾಗಿ ಇಳಿಯುವುದಿಲ್ಲ.

ತೊಂದರೆ ಇರುವುದು ಮನೆಯಲ್ಲಿ ಉಳಿದ ಹಳೇ ಚಾರ್ಜರಿನಲ್ಲಿ. ಹಳೇ ಚಾರ್ಜರ್, ಲಿಥಿಯಂ ಚಾರ್ಜರ್ ಎರಡರ ಮೇಲೂ 12 ವೋಲ್ಟ್ ಅಂತಲೇ ಬರೆದಿರುತ್ತೆ, ಎಷ್ಟೋ ಸಲ ಪಿನ್ನೂ ಒಂದೇ. ಆದರೆ ಮೂರು ಮೂರು ಸೆಲ್ಲಿನ ಮೂರು ಸೆಟ್ ಸಾಲಾಗಿ ಜೋಡಿಸಿದ ಲಿಥಿಯಂ ಪ್ಯಾಕ್ 12.6 ವೋಲ್ಟಿಗೆ ಫುಲ್. ಅಂದರೆ ಒಂದು ಸೆಟ್ಟಿಗೆ 4.2. ಲೆಡ್ ಆಸಿಡ್ ಚಾರ್ಜರ್ 14.4ರ ತನಕ ಹೋಗುತ್ತೆ. ಮೂರರಿಂದ ಭಾಗಿಸಿ ನೋಡಿ, 4.8! ಪ್ಯಾಕಿನೊಳಗೆ ಬಿಎಂಎಸ್ ಅಂತ ಒಂದು ಬೋರ್ಡ್ ಇರುತ್ತೆ. ಯಾವುದೇ ಸೆಟ್ 4.25 ದಾಟುತ್ತಿದ್ದಂತೆ ಕಟ್ ಮಾಡುತ್ತೆ. ಅದಕ್ಕೇ ಎಷ್ಟೋ ಮನೆಯಲ್ಲಿ ಏನೂ ಆಗಿಲ್ಲ. ಆದರೆ ಆ ಬೋರ್ಡ್ ಇರುವುದು ಆಪತ್ತಿಗೆ, ದಿನಾ ಚಾರ್ಜ್ ನಿಲ್ಲಿಸುವ ಕೆಲಸಕ್ಕಲ್ಲ.

(ಲಿಥಿಯಂನಲ್ಲೇ ಇನ್ನೊಂದು ಬಗೆ ಐರನ್ ಫಾಸ್ಫೇಟ್, ಆ ಪ್ಯಾಕಿನ ಲೆಕ್ಕ ಬೇರೆ. ನಾಲ್ಕು ಸೆಟ್, 14.6ಕ್ಕೆ ಫುಲ್. ತೂಕ ಸ್ವಲ್ಪ ಜಾಸ್ತಿ, ಬಿಸಿ ತಡೆಯುವುದರಲ್ಲಿ ಮೇಲು. ನನ್ನನ್ನು ಕೇಳಿದರೆ ತೋಟಕ್ಕೆ ಅದೇ ಸರಿ.)

ಹೋದ ಬೇಸಿಗೆಯಲ್ಲಿ ಶಿಡ್ಲಘಟ್ಟ ಕಡೆಯ ರೈತರೊಬ್ಬರು ಒಂದು ಪ್ಯಾಕ್ ತಂದರು. "ಅಣ್ಣಾ, ಮೊದ್ಲು ಅರ್ಧಕ್ಕೇ ಆಫ್ ಆಗ್ತಿತ್ತು. ಒಬ್ರ ಹತ್ರ ಸರಿ ಮಾಡಿಸ್ದೆ. ಈಗ ಓಡುತ್ತೆ, ಆದ್ರೆ ಚಾರ್ಜಿಗೆ ಹಾಕಿದ್ರೆ ಮುಟ್ಟಕ್ಕಾಗಲ್ಲ" ಅಂದರು. ನೀಲಿ ಕವರ್ ಕೊಯ್ದು ನೋಡಿದೆ. ಬೋರ್ಡಿನ ಬಿ ಮೈನಸ್‌ನಿಂದ (ಸೆಲ್ ಕಡೆಯ ತುದಿ) ಪಿ ಮೈನಸ್‌ಗೆ (ಹೊರಗೆ ಹೋಗುವ ತುದಿ) ದಪ್ಪ ವೈರ್ ಬೆಸುಗೆ ಹಾಕಿದ್ದರು. ಅಂದರೆ ಬೋರ್ಡ್ ಇದೆ, ಅದಕ್ಕೆ ಕೆಲಸ ಇಲ್ಲ. ಮೀಟರ್ ಹಿಡಿದರೆ ಎರಡು ಸೆಟ್ 4.4 ದಾಟಿವೆ, ಮೂರನೆಯದು 3.2ರಲ್ಲಿದೆ. ಅದರ ಚಾರ್ಜ್ ಒಳಗೊಳಗೇ ಸೋರುತ್ತಿತ್ತು. ಆ ಸೆಟ್ ಬೇಗ ಖಾಲಿಯಾದಾಗಲೂ ಬೋರ್ಡ್ ಕಟ್ ಮಾಡುತ್ತೆ, ಅರ್ಧಕ್ಕೇ ಆಫ್ ಆಗುತ್ತಿದ್ದುದು ಅದಕ್ಕೇ. ಬೋರ್ಡ್ ಅದನ್ನೇ ಹೇಳುತ್ತಿತ್ತು, ಅದರ ಬಾಯಿ ಮುಚ್ಚಿಸಿದ್ದರು.

ಆ ಒಂದು ಸೆಟ್ ಮಾತ್ರ ಬದಲಿಸಿಕೊಡಿ ಅಂದರು. ನಾನು ಒಪ್ಪಲಿಲ್ಲ. ಮಿತಿ ಮೀರಿ ಚಾರ್ಜ್ ಆದ ಸೆಲ್ಲನ್ನು ನಂಬಕ್ಕಾಗಲ್ಲ. ಹಳೇದು, ಹೊಸದು ಬೆರೆಸಿದರೆ ಮತ್ತೆ ಅದೇ ಕಥೆ. ಗಿರಾಕಿಗೆ ಬೇಜಾರಾಯಿತು, ಆಗಲಿ.

ಒಂದು ಸೆಲ್ ಒಳಗೆ ಶಾರ್ಟ್ ಆಗಿ ಕಾದರೆ ಪಕ್ಕದ್ದಕ್ಕೂ ಹತ್ತುತ್ತೆ. ಆರಿತು ಅಂದುಕೊಂಡ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಅನ್ನುವ ವಿಷ ಇರುತ್ತೆ, ಹಾಗಾಗಿ ಮೊದಲು ಜನ ಹೊರಗೆ ಬರಬೇಕು. ಲಿಥಿಯಂಗೆ ನೀರು ಹಾಕಬಾರದು ಅಂತ ಕೆಲವರು ಹೇಳುತ್ತಾರೆ. ಅದು ಲಿಥಿಯಂ ಲೋಹದ ಮಾತು. ಈ ಪ್ಯಾಕಿಗೆ, ಮೇನ್ ಆಫ್ ಮಾಡಿ, ದೂರ ನಿಂತು ಧಾರಾಳವಾಗಿ ನೀರು ಸುರಿಯಬೇಕು. ತಣ್ಣಗಾಗುವುದೇ ಮುಖ್ಯ.

ಬಿಸಿಲಿನಿಂದ ತಂದ ಪ್ಯಾಕನ್ನು ತಕ್ಷಣ ಚಾರ್ಜಿಗೆ ಹಾಕಬೇಡಿ, ನೆರಳಲ್ಲಿ ಆರಲಿ. ಮಂಚದ ಕೆಳಗೆ, ಬಾಗಿಲ ಬಳಿ, ರೇಷ್ಮೆ ಹುಳು ಗೂಡು ಕಟ್ಟುವ ಚಂದ್ರಿಕೆ ಜೋಡಿಸಿಟ್ಟ ಕೋಣೆಯಲ್ಲಿ ಬೇಡವೇ ಬೇಡ. ಕೆಟ್ಟ ಪ್ಯಾಕನ್ನು ಗುಜರಿ ಮೂಟೆಗೂ ತುಂಬಬೇಡಿ. ತುದಿಗಳಿಗೆ ಟೇಪ್ ಸುತ್ತಿ ಕೊಂಡ ಅಂಗಡಿಗೇ ಒಯ್ಯಿರಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲಿ ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದೇ. ಅಂಗಡಿಯವರು ಗೊಣಗಿದರೆ ಇದನ್ನೇ ಹೇಳಿ.