ಹಾಡಿನ ಅಡಿಯಲ್ಲಿ

ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರ 'ಹೂಚಿ ಕೂಚಿ ಮ್ಯಾನ್' ಕೇಳುತ್ತಿದ್ದೆ. 1954ರ ಶಿಕಾಗೋ ರೆಕಾರ್ಡಿಂಗ್. ಎಷ್ಟೋ ಸಲ ಕೇಳಿದ ಹಾಡು, ಆದರೆ ಈ ಸಲ ಬರೀ ಬೇಸ್‌ಗೆ, ಅಂದರೆ ಹಾಡಿನ ತಳದಲ್ಲಿ ನುಡಿಯುವ ದಪ್ಪ ದನಿಯ ತಂತಿವಾದ್ಯಕ್ಕೆ, ಕಿವಿ ಕೊಟ್ಟೆ. ಇಡೀ ಬ್ಯಾಂಡ್ ಒಟ್ಟಿಗೆ ನಾಲ್ಕಾರು ಏಟು ಬಾರಿಸಿ ಥಟ್ಟನೆ ನಿಲ್ಲುತ್ತದೆ. ಆ ಖಾಲಿ ಜಾಗದಲ್ಲಿ ಮಡ್ಡಿ ಹಾಡುತ್ತಾರೆ. ಹಾಗೆ ಸುಮ್ನಿರೋಕೂ ಧೈರ್ಯ ಬೇಕು, ಅಲ್ವಾ?

ಬೇಸ್ ನುಡಿಸಿದವರು ವಿಲ್ಲಿ ಡಿಕ್ಸನ್. ಹಾಡು ಬರೆದವರೂ ಅವರೇ. 1915ರಲ್ಲಿ ಮಿಸಿಸಿಪ್ಪಿಯ ವಿಕ್ಸ್‌ಬರ್ಗ್‌ನಲ್ಲಿ ಹುಟ್ಟಿ, ಶಿಕಾಗೋಗೆ ಬಂದು ಮೊದಲು ಬಾಕ್ಸಿಂಗ್‌ಗೆ ಇಳಿದವರು. ಅವರ ಮೊದಲ ಬೇಸ್ ಅಂದರೆ ಒಂದು ತಗಡಿನ ಡಬ್ಬ, ಅದಕ್ಕೆ ಒಂದೇ ತಂತಿ! ಗೆಳೆಯರೊಬ್ಬರು ಮಾಡಿಕೊಟ್ಟಿದ್ದು. ಆಳೆತ್ತರದ ಮರದ ಬೇಸ್ ಬಂದಿದ್ದು ಆಮೇಲೆ.

ಹೆಸರೇ ಗೊತ್ತಿಲ್ಲದೆ ಎಷ್ಟು ವರ್ಷ ಇವರ ಬೆರಳಿಗೆ ಕಾಲು ಕುಣಿಸಿದ್ದೇನೆ. ಇವತ್ತು ಬೆಳಿಗ್ಗೆ ರಾಕ್ ಅಂಡ್ ರೋಲ್ ಗಾಯಕ ಚಕ್ ಬೆರಿ ಹಾಡು ಹಾಕಿದೆ. ಅಲ್ಲೂ ಕೆಳಗೆ ಡಿಕ್ಸನ್ ಅವರೇ.